ಕಂಟೇನರಿನಲ್ಲಿ ಹ್ಯಾಸ್ಕೆಲ್ ಯೋಜನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಕೆಲವರು ಸೇರಿ ಹ್ಯಾಸ್ಕೆಲ್ ಭಾಷೆಯಲ್ಲಿ ಒಂದು ತಂತ್ರಾಂಶ ಬರೆಯುತ್ತಿದ್ದೇವೆ. ಒಬ್ಬೊಬ್ಬರ ಗಣಕದಲ್ಲಿ ಒಂದೊಂದು ಆವೃತ್ತಿಯ ಜಿಎಚ್‌ಸಿ ಕಂಪೈಲರ್ ಇದ್ದುದರಿಂದ ಎಲ್ಲರೂ ಡಾಕರ್ ಕಂಟೇನರಿಗೆ (ತಂತ್ರಾಂಶವೂ ಅದಕ್ಕೆ ಬೇಕಾದುದೆಲ್ಲವೂ ಒಟ್ಟಿಗಿರುವ ಪ್ರತ್ಯೇಕ ಆವರಣಕ್ಕೆ) ಬಂದೆವು. ಈಗ ಕಂಟೇನರನ್ನು ಹೊಸದಾಗಿ ಕಟ್ಟಿದಾಗಲೆಲ್ಲ ಅವಲಂಬಿತ ಲೈಬ್ರರಿಗಳು ಮೊದಲಿನಿಂದ ಕಂಪೈಲ್ ಆಗುತ್ತವೆ. ಎಡಿಟರಿನಲ್ಲಿ ಟೈಪ್‌ಗಳ ಮಾಹಿತಿಯೂ ಕಾಣಿಸುವುದಿಲ್ಲ. ಕಂಟೇನರನ್ನೇ ಕೈಬಿಡುವುದು ಲೇಸೇ?

ಉತ್ತರ: ಕೈಬಿಡಬೇಡಿ. ಯಾವುದು ಕಂಟೇನರಿನ ಒಳಗಿರಬೇಕು, ಯಾವುದು ಅದರ ಆಯುಷ್ಯವನ್ನು ಮೀರಿ ಉಳಿಯಬೇಕು ಎಂಬ ವಿಂಗಡಣೆ ಸರಿಯಾದರೆ ನಿಮ್ಮ ಎರಡೂ ತೊಂದರೆಗಳು ನೀಗುತ್ತವೆ.

ಟೈಪ್ ಮಾಹಿತಿ ಒದಗಿಸುವ ಹ್ಯಾಸ್ಕೆಲ್ ಲ್ಯಾಂಗ್ವೇಜ್ ಸರ್ವರ್ ಜಿಎಚ್‌ಸಿಯನ್ನೇ ಒಂದು ಲೈಬ್ರರಿಯಾಗಿ ಬಳಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಯೋಜನೆಗೆ ಬಳಸುವ ಜಿಎಚ್‌ಸಿ ಆವೃತ್ತಿಯಿಂದಲೇ ಅದೂ ಕಂಪೈಲ್ ಆಗಿರಬೇಕು. ಎಡಿಟರ್ ಹೊರಗಿನ ಗಣಕದಲ್ಲಿ ಕುಳಿತು ಅಲ್ಲಿಯ ಸರ್ವರನ್ನು ಕರೆದರೆ, ಕಂಟೇನರಿನೊಳಗಿನ ಲೈಬ್ರರಿಗಳು ಅದಕ್ಕೆ ಕಾಣುವುದೇ ಇಲ್ಲ. ಜಿಎಚ್‌ಸಿ, ಕಬಾಲ್ (ಹ್ಯಾಸ್ಕೆಲ್ ಯೋಜನೆ ಮತ್ತು ಲೈಬ್ರರಿಗಳನ್ನು ಕಟ್ಟುವ ಸಲಕರಣೆ), ಲ್ಯಾಂಗ್ವೇಜ್ ಸರ್ವರ್ ಈ ಮೂರನ್ನೂ ಜಿಎಚ್‌ಸಿಅಪ್ ಎಂಬ ಸ್ಥಾಪಕದ ಮೂಲಕ, ಆವೃತ್ತಿ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸಿ, ಇಮೇಜಿನೊಳಗೇ (ಕಂಟೇನರುಗಳನ್ನು ಸೃಷ್ಟಿಸುವ ಅಚ್ಚಿನೊಳಗೇ) ಸ್ಥಾಪಿಸಿ. ವಿಎಸ್ ಕೋಡ್ ಬಳಸುವವರು ಡೆವ್ ಕಂಟೇನರ್ ಸಂರಚನಾ ಕಡತವನ್ನು ಯೋಜನೆಯ ಜೊತೆಗೇ ಇಟ್ಟರೆ, ಎಡಿಟರಿನ ಹ್ಯಾಸ್ಕೆಲ್ ವಿಸ್ತರಣೆಯೂ ಕಂಟೇನರಿನೊಳಗೆ ಓಡುತ್ತದೆ.

ಮರುಕಂಪೈಲಿನ ಸಮಸ್ಯೆಗೆ ಮದ್ದು ವಾಲ್ಯೂಮ್, ಅಂದರೆ ಕಂಟೇನರಿನಿಂದ ಬೇರೆಯಾಗಿ ಡಾಕರ್ ಕಾಪಾಡುವ ಸಂಗ್ರಹ ಜಾಗ. ಕಬಾಲ್ ತಾನು ಕಟ್ಟಿದ ಲೈಬ್ರರಿಗಳನ್ನು ಸ್ಟೋರ್ ಎಂಬ ಕೋಶದಲ್ಲಿ ಇಡುತ್ತದೆ. ಅಲ್ಲಿ ಪ್ರತಿಯೊಂದು ಲೈಬ್ರರಿಯ ಗುರುತಿನಲ್ಲಿಯೂ ಅದರ ಮೂಲ, ಆಯ್ಕೆಗಳು ಮತ್ತು ಅವಲಂಬನೆಗಳಿಂದ ಲೆಕ್ಕ ಹಾಕಿದ ಒಂದು ಹ್ಯಾಶ್ (ಬೆರಳಚ್ಚಿನಂಥ ಗುರುತು) ಇರುತ್ತದೆ. ಬೇರೆ ಬೇರೆ ಜಿಎಚ್‌ಸಿ ಆವೃತ್ತಿಗಳಿಗೆ ಬೇರೆ ಬೇರೆ ಉಪಕೋಶಗಳೂ ಇರುತ್ತವೆ. ಒಂದೇ ಇಮೇಜನ್ನು ಬಳಸುವ ಹಲವು ಯೋಜನೆಗಳು ಈ ಕೋಶವನ್ನು ನಿಶ್ಚಿಂತೆಯಿಂದ ಹಂಚಿಕೊಳ್ಳಬಹುದಾದದ್ದು ಈ ಕಾರಣಕ್ಕೆ. ಇದನ್ನು ಹೆಸರಿಟ್ಟ ವಾಲ್ಯೂಮಿನಲ್ಲಿ ಇರಿಸಿದರೆ ಕಂಟೇನರ್ ಅಳಿದರೂ ಲೈಬ್ರರಿಗಳು ಉಳಿಯುತ್ತವೆ. ಕಬಾಲ್ 3.10ರಿಂದ ಈ ಕೋಶದ ಪೂರ್ವನಿಯೋಜಿತ ಸ್ಥಾನ ಬದಲಾಗಿರುವುದರಿಂದ, ಕಬಾಲ್ ಡಿರ್ ಎಂಬ ಪರಿಸರ ಚರಾಂಶದ ಮೂಲಕ ಜಾಗವನ್ನು ನೀವೇ ಗೊತ್ತುಪಡಿಸುವುದು ಕ್ಷೇಮ. ಆ ಕೋಶವನ್ನು ಇಮೇಜಿನಲ್ಲಿಯೇ ಸಾಮಾನ್ಯ ಬಳಕೆದಾರನ ಒಡೆತನದಲ್ಲಿ ಸೃಷ್ಟಿಸಿಡಿ. ಖಾಲಿ ವಾಲ್ಯೂಮನ್ನು ಮೊದಲ ಸಲ ಜೋಡಿಸುವಾಗ ಡಾಕರ್ ಆ ಒಡೆತನವನ್ನೇ ಮುಂದುವರಿಸುತ್ತದೆ. ಇಲ್ಲದಿದ್ದರೆ ಕೋಶ ರೂಟ್ (ಸರ್ವಾಧಿಕಾರವುಳ್ಳ) ಬಳಕೆದಾರನ ಪಾಲಾಗಿ, ಬರೆಯಲು ಅನುಮತಿಯಿಲ್ಲ ಎಂಬ ದೋಷ ಎದುರಾಗುತ್ತದೆ.

ಮ್ಯಾಕ್ ಅಥವಾ ವಿಂಡೋಸ್ ಬಳಸುವ ಸದಸ್ಯರಿದ್ದರೆ ಇನ್ನೊಂದು ಮಾತು. ಅಲ್ಲಿ ಕಂಟೇನರ್ ಓಡುವುದು ಒಂದು ವರ್ಚುವಲ್ ಯಂತ್ರದೊಳಗೆ. ಹೊರಗಿನ ಕಡತಗಳನ್ನು ಅದರ ಗಡಿ ದಾಟಿಸಿ ಓದುವುದು ನಿಧಾನ. ಜಿಎಚ್‌ಸಿಯಾದರೋ ಒಂದೊಂದು ಮಾಡ್ಯೂಲಿಗೂ ಹಲವು ಕಡತಗಳನ್ನು ಬರೆಯುತ್ತದೆ. ಆದಕಾರಣ ಡಿಸ್ಟ್ ನ್ಯೂಸ್ಟೈಲ್ ಎಂಬ ಕಂಪೈಲ್ ಫಲಿತಾಂಶದ ಕೋಶಕ್ಕೂ ಪ್ರತ್ಯೇಕ ವಾಲ್ಯೂಮ್ ಕೊಡಿ.

ಪ್ರಶ್ನೆ: ಇಮೇಜ್ ಚಿಕ್ಕದಾಗಲೆಂದು ಆಲ್ಪೈನ್ ಲಿನಕ್ಸ್ ಆರಿಸಬಹುದೇ?

ಉತ್ತರ: ಅಭಿವೃದ್ಧಿಗೆ ಡೆಬಿಯನ್ನೇ ಇರಲಿ. ಆಲ್ಪೈನಿನಲ್ಲಿರುವುದು ಮಸಲ್ ಎಂಬ ಸಿ ಲೈಬ್ರರಿ. ಸಾಮಾನ್ಯ ಲಿನಕ್ಸ್ ವಿತರಣೆಗಳಿಗಾಗಿ ಸಿದ್ಧಪಡಿಸಿದ ಜಿಎಚ್‌ಸಿ ಮತ್ತು ಅದರ ಸಲಕರಣೆಗಳು ಜಿಲಿಬ್‌ಸಿ ಎಂಬ ಇನ್ನೊಂದು ಸಿ ಲೈಬ್ರರಿಯನ್ನು ನಿರೀಕ್ಷಿಸುತ್ತವೆ. ಜಿಎಚ್‌ಸಿಯೇ ಗಿಗಾಬೈಟುಗಳಷ್ಟು ಜಾಗ ಹಿಡಿಯುವಾಗ, ತಳದ ಇಮೇಜಿನಲ್ಲಿ ಉಳಿಸಿದ ಕೆಲವು ಹತ್ತು ಮೆಗಾಬೈಟುಗಳಿಂದ ಆಗುವ ಲಾಭ ಅಲ್ಪವೆಂದೇ ನನ್ನ ಅಭಿಪ್ರಾಯ. ಹೊರಗಿನ ಯಾವ ಲೈಬ್ರರಿಯನ್ನೂ ಬೇಡದ ಸ್ಥಿರ ಕೊಂಡಿಯ ಅಂತಿಮ ಕ್ರಮವಿಧಿ ಬೇಕಾದಾಗ ಮಾತ್ರ ಆಲ್ಪೈನ್ ನಿಜಕ್ಕೂ ಉಪಕಾರಿ.

ಪ್ರಶ್ನೆ: ಕಂಪೈಲ್ ನಡುವೆ 137 ಎಂಬ ಸಂಖ್ಯೆಯೊಂದಿಗೆ ಕೆಲಸ ನಿಂತುಹೋಗುತ್ತದೆ. ನಮ್ಮ ಕೋಡಿನ ದೋಷವೇ?

ಉತ್ತರ: ಬಹುಮಟ್ಟಿಗೆ ಅಲ್ಲ. ಸಂಕೇತವೊಂದರಿಂದ ನಿಂತ ಪ್ರಕ್ರಿಯೆಯ ನಿರ್ಗಮನ ಸಂಖ್ಯೆಯು 128ಕ್ಕೆ ಆ ಸಂಕೇತದ ಸಂಖ್ಯೆಯನ್ನು ಕೂಡಿಸಿದಷ್ಟು; 128ಕ್ಕೆ 9 ಕೂಡಿಸಿದರೆ 137. ಪ್ರಕ್ರಿಯೆಯನ್ನು 9ನೆಯ ಸಂಕೇತದಿಂದ ಬಲವಂತವಾಗಿ ಕೊನೆಗೊಳಿಸಲಾಗಿದೆ ಎಂದು ಅದರ ಅರ್ಥ, ಸಾಮಾನ್ಯವಾಗಿ ಮೆಮೊರಿ ಸಾಲದೆ ಹೀಗಾಗುತ್ತದೆ. ಕಂಟೇನರಿಗೆ ಹೆಚ್ಚು ಮೆಮೊರಿ ಕೊಡಿ, ಇಲ್ಲವೇ ಕಬಾಲ್ ಏಕಕಾಲಕ್ಕೆ ಕಟ್ಟುವ ಲೈಬ್ರರಿಗಳ ಸಂಖ್ಯೆಯನ್ನು ಇಳಿಸಿ.

ಪ್ರಶ್ನೆ: ಒಂದೇ ಡಾಕರ್‌ಫೈಲ್ (ಇಮೇಜ್ ಕಟ್ಟುವ ಸೂಚನೆಗಳ ಕಡತ) ಇದ್ದರೆ ಎಲ್ಲರಿಗೂ, ಎಂದೆಂದಿಗೂ ಒಂದೇ ಪರಿಸರ ಸಿಗುತ್ತದೆ ಎನ್ನಬಹುದೇ?

ಉತ್ತರ: ಎನ್ನಲಾಗದು. ಒಂದೇ ಇನ್‌ಪುಟ್‌ಗೆ ಸದಾ ಒಂದೇ ಫಲಿತಾಂಶ ಕೊಡುವ ಶುದ್ಧ ಫಂಕ್ಷನ್‌ಗಳಲ್ಲಿ ಆಲೋಚಿಸುವ ನಿಮಗೆ ಇದು ಬೇಗನೆ ಮನದಟ್ಟಾಗುತ್ತದೆ: ಪ್ಯಾಕೇಜುಗಳ ಪಟ್ಟಿಯನ್ನು ಜಾಲದಿಂದ ತರಿಸುವ ಆಪ್ಟ್ ಅಪ್‌ಡೇಟ್ ಎಂಬ ಒಂದು ಸಾಲು ಇದ್ದರೆ ಸಾಕು, ಫಲಿತಾಂಶವು ಆ ದಿನ ಜಾಲದಲ್ಲಿ ಏನಿದೆ ಎಂಬುದನ್ನು ಅವಲಂಬಿಸುತ್ತದೆ. ತಳದ ಇಮೇಜನ್ನು ಹೆಸರಿನ ಬದಲು ಅದರ ಡೈಜೆಸ್ಟ್‌ನಿಂದ (ಒಳವಿಷಯದಿಂದ ಲೆಕ್ಕ ಹಾಕಿದ ಹ್ಯಾಶ್‌ನಿಂದ) ಗುರುತಿಸಿ. ಕಬಾಲ್ ಯೋಜನಾ ಕಡತದಲ್ಲಿ ಇಂಡೆಕ್ಸ್ ಸ್ಟೇಟ್ (ಲೈಬ್ರರಿ ಪಟ್ಟಿ ಯಾವ ಸಮಯದ್ದೆಂಬ ಗುರುತು) ಬರೆದು, ಲೈಬ್ರರಿಗಳ ನಿಖರ ಆವೃತ್ತಿಗಳಿರುವ ಫ್ರೀಜ್ ಕಡತವನ್ನೂ ಗಿಟ್‌ಗೆ ಸೇರಿಸಿ. ಹೀಗೆ ಕಟ್ಟಿದ ಇಮೇಜನ್ನು ರಿಜಿಸ್ಟ್ರಿಯಲ್ಲಿ (ಇಮೇಜುಗಳ ಸಾಮೂಹಿಕ ಸಂಗ್ರಹದಲ್ಲಿ) ಇಟ್ಟು, ತಂಡದವರೆಲ್ಲ ಅದನ್ನೇ ಇಳಿಸಿಕೊಳ್ಳುವುದು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಕಟ್ಟಿಕೊಳ್ಳುವುದಕ್ಕಿಂತ ಮೇಲು. ವ್ಯವಸ್ಥೆಯ ಲೈಬ್ರರಿಗಳೂ ಇಷ್ಟೇ ಕಟ್ಟುನಿಟ್ಟಾಗಿ ಸ್ಥಿರವಾಗಿರಬೇಕೆಂದರೆ ನಿಕ್ಸ್ ಎಂಬ ಪ್ಯಾಕೇಜ್ ನಿರ್ವಾಹಕವನ್ನು ಪರಿಶೀಲಿಸಿ. ಅದರ ಭಾಷೆಯೂ ಫಂಕ್ಷನಲ್ ಆದದ್ದೇ, ಆದರೆ ಅದನ್ನು ಕಲಿಯಲು ಇಡೀ ತಂಡ ಸಮಯ ಕೊಡಬೇಕಾಗುತ್ತದೆ.