ಹತ್ತನೇ ಕ್ಲಾಸಿಗೆ ಗಣಿತ ಮೇಷ್ಟ್ರಿಲ್ಲ, ಟಿಸಿ ತಗೊಳ್ಳಲೇ?

ನಿಮ್ಮ ಮಗಳಿಗೆ ಗಣಿತದಲ್ಲಿ ಅಂಕ ಇಳಿದಿರುವುದಕ್ಕೆ ಜೂನ್‌ನಿಂದ ಗಣಿತ ಶಿಕ್ಷಕರ ಹುದ್ದೆ ಖಾಲಿ ಇರುವುದೇ ಕಾರಣ ಇರಬೇಕು. ಬೇರೆ ವಿಷಯಗಳಲ್ಲಿ ಅವಳ ಅಂಕ ಇಳಿದಿಲ್ಲ ಎಂದಿದ್ದೀರಿ, ಅಲ್ವಾ? ಅವಳನ್ನು ಬೈಯಬೇಡಿ. ಟಿಸಿಯೂ ಈಗ ಬೇಡ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟರೆ ಪರೀಕ್ಷೆಯ ನೋಂದಣಿಗೆ ತೊಂದರೆಯಾಗಬಹುದು.

ಮೊದಲು ಮುಖ್ಯ ಶಿಕ್ಷಕರನ್ನು ಒಂದೇ ಪ್ರಶ್ನೆ ಕೇಳಿ: ಅತಿಥಿ ಶಿಕ್ಷಕರು ಬೇಕೆಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದಿದ್ದೀರಾ? ನನ್ನ ಮಗನ ಸರ್ಕಾರಿ ಪ್ರೌಢಶಾಲೆಯಲ್ಲಿ ಬರೆದೇ ಇರಲಿಲ್ಲ. ಬಾಯಿಮಾತು ನಂಬಿ ನಾವು ಎರಡು ತಿಂಗಳು ಕಳೆದುಕೊಂಡೆವು. ಆ ಎರಡು ತಿಂಗಳು ಮಕ್ಕಳಿಗೆ ತುಂಬಾ ದೊಡ್ಡದು. ಆಮೇಲೆ ಎಂಟು ಹತ್ತು ಪೋಷಕರು ಸೇರಿ ಅರ್ಜಿ ಬರೆಯಿರಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಹಿ ಹಾಕಿಸಿ. ಬಿಇಒ ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಇದನ್ನು ಮಾತ್ರ ಮರೆಯಬೇಡಿ. ಹದಿನೈದು ದಿನವಾದರೂ ಉತ್ತರ ಬರದಿದ್ದರೆ ಅದೇ ಪ್ರತಿ ಹಿಡಿದು ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಕಚೇರಿಗೆ ಹೋಗಿ. ಬೆಂಗಳೂರಿನಲ್ಲಿ ಉತ್ತರ, ದಕ್ಷಿಣ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ನಿಮ್ಮದು ಯಾವುದೆಂದು ನೋಡಿಕೊಳ್ಳಿ. ನಮಗೆ ಅರ್ಜಿ ಕೊಟ್ಟ ಮೂರು ವಾರಕ್ಕೆ ಮೇಷ್ಟ್ರು ಬಂದರು. ನಿಮ್ಮಲ್ಲಿ ಜಾಸ್ತಿ ದಿನ ಹಿಡಿದರೂ ಹಿಡಿಯಬಹುದು.

ಅಲ್ಲಿವರೆಗೆ ಸುಮ್ನೆ ಕಾಯಬೇಡಿ. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ವಾರಕ್ಕೊಂದು ಬಿಡಿಸಲಿ. ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಅಂಕ. ಮೇಷ್ಟ್ರಿಲ್ಲದಾಗ ಆ 20 ಅಂಕ ಯಾರು ಕೊಡುತ್ತಾರೆ ಎಂದು ಮುಖ್ಯ ಶಿಕ್ಷಕರನ್ನು ಈ ವಾರವೇ ಕೇಳಿ.