ಆಫೀಸಿನ ಆಕ್ಸೆಸ್ ಫೈಲ್ ಯಾವಾಗ ನೋಡಿದರೂ ಲಾಕ್, ಈ ‘ಅಡ್ಮಿನ್’ ಯಾರು?

ನಿಮ್ಮ ಪ್ರಶ್ನೆ ಇಷ್ಟು: ರಾಯಚೂರಿನ ಗಂಜ್‌ನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಅಡತ್ ಅಂಗಡಿ, ಅಂದರೆ ಕಮಿಷನ್ ಮೇಲೆ ರೈತರ ಮಾಲು ಮಾರಿಕೊಡುವ ಅಂಗಡಿ, ನಾಲ್ಕು ಕಂಪ್ಯೂಟರ್, ಎಲ್ಲರೂ ಬಳಸುವ ಒಂದೇ ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ) ಫೈಲ್. ಹತ್ತಿ ಸೀಸನ್ ಶುರುವಾದಾಗಿನಿಂದ ಆ ಫೈಲ್ ತೆರೆಯುತ್ತಿಲ್ಲ. ‘ಅಡ್ಮಿನ್’ ಅನ್ನುವವರು ಹಿಡಿದಿಟ್ಟಿದ್ದಾರೆ ಅಂತ ಮೆಸೇಜ್ ಬರುತ್ತದೆ. ನಿಮ್ಮಲ್ಲಿ ಆ ಹೆಸರಿನವರು ಯಾರೂ ಇಲ್ಲ. ಪಕ್ಕದಲ್ಲೇ ಕಾಣುವ ಬೀಗದ ಗುರುತಿನ ಫೈಲನ್ನು ಡಿಲೀಟ್ ಮಾಡಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ.

ನಾನು ಗಂಗಾವತಿ ಕಡೆ ರೈಸ್ ಮಿಲ್ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ನಿಮ್ಮದು ಹತ್ತಿ, ನಮ್ಮದು ಭತ್ತ, ತಲೆನೋವು ಮಾತ್ರ ಒಂದೇ.

ಅಡ್ಮಿನ್ ಅಂದರೆ ಹೊರಗಿನವರು ಯಾರೂ ಅಲ್ಲ, ಗಾಬರಿ ಬೇಡ. ಬೇರೆ ಲಾಗಿನ್ ಮಾಡಿಸಿಲ್ಲದಿದ್ದರೆ ಆಕ್ಸೆಸ್ ಎಲ್ಲರನ್ನೂ ಅಡ್ಮಿನ್ ಅಂತಲೇ ಕರೆಯುತ್ತದೆ. ನೀವೂ ಅಡ್ಮಿನ್, ಕ್ಯಾಶಿಯರ್ರೂ ಅಡ್ಮಿನ್. ಅದೇ ಮೆಸೇಜಿನಲ್ಲಿ ಒಂದು ಮಷೀನ್ ಹೆಸರೂ ಇರುತ್ತದೆ. ನಿಮಗೆ ಬೇಕಾದದ್ದು ಅದು. ತೊಂದರೆ ಏನೆಂದರೆ ವಿಂಡೋಸ್ ಹಾಕಿದಾಗ ಬಂದ ಹೆಸರೇ ಹಾಗೇ ಉಳಿದಿರುತ್ತದೆ: ಡೆಸ್ಕ್‌ಟಾಪ್ ಅಂತ ಶುರುವಾಗಿ ಆಮೇಲೆ ಅರ್ಥವಿಲ್ಲದ ಅಕ್ಷರ, ಅಂಕಿ. ಅದನ್ನು ನೋಡಿದರೆ ಯಾರ ಟೇಬಲ್ಲು ಅಂತ ಹೇಗೆ ಗೊತ್ತಾಗಬೇಕು? ಇವತ್ತೇ ನಾಲ್ಕೂ ಕಂಪ್ಯೂಟರ್‌ಗಳ ಹೆಸರು ಬದಲಾಯಿಸಿ. ಕಾಟಾ (ತೂಕ), ಕ್ಯಾಶ್, ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ), ಸಾವ್ಕಾರ್ ಅಂತ ಯಾವ ಟೇಬಲ್ಲೋ ಅದರ ಹೆಸರಿಡಿ. ಒಂದೇ ಎಚ್ಚರಿಕೆ: ಫೈಲ್ ಇರುವ ಕಂಪ್ಯೂಟರ್‌ನ ಹೆಸರು ಬದಲಾದರೆ ಉಳಿದ ಮೂರರಲ್ಲಿ ಅದರ ಶಾರ್ಟ್‌ಕಟ್ ಹೊಸದಾಗಿ ಮಾಡಬೇಕು.

ಇನ್ನು ಆ ಬೀಗದ ಫೈಲ್. ಯಾರಾದರೂ ಡೇಟಾಬೇಸ್ ತೆರೆದ ತಕ್ಷಣ ಅದೇ ಫೋಲ್ಡರ್‌ನಲ್ಲಿ ಹುಟ್ಟುತ್ತದೆ, ಕೊನೆಯವರು ಮುಚ್ಚಿದಾಗ ತಾನೇ ಅಳಿಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಮಷೀನ್ ಹೆಸರು, ಒಂದಷ್ಟು ಖಾಲಿ ಜಾಗ, ಅಡ್ಮಿನ್, ಮತ್ತೆ ಖಾಲಿ ಜಾಗ, ಆಮೇಲೆ ಮುಂದಿನ ಮಷೀನ್. ಒಬ್ಬೊಬ್ಬರಿಗೆ 64 ಬೈಟ್, ಹೆಚ್ಚೆಂದರೆ 255 ಜನ. ಆದರೆ ಹೊರಗೆ ಹೋದವರ ಹೆಸರನ್ನು ಅದು ಕೂಡಲೇ ಅಳಿಸುವುದಿಲ್ಲ. ಹೆಸರು ಇದೆ ಅಂದ ಮಾತ್ರಕ್ಕೆ ಆ ಮನುಷ್ಯ ಈಗಲೂ ಒಳಗಿದ್ದಾನೆ ಅಂತಲ್ಲ. ಅದು ಖಚಿತ ಆಗಬೇಕಾದರೆ ಫೈಲ್ ಇರುವ ಕಂಪ್ಯೂಟರ್‌ನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಶೇರ್ಡ್ ಫೋಲ್ಡರ್ಸ್‌ಗೆ ಹೋಗಿ. ಸೆಷನ್ಸ್‌ನಲ್ಲಿ ಯಾವ ಮಷೀನ್ ಸೇರಿಕೊಂಡಿದೆ, ಓಪನ್ ಫೈಲ್ಸ್‌ನಲ್ಲಿ ಯಾವ ಫೈಲ್ ತೆರೆದಿದೆ, ಎರಡೂ ಕಾಣುತ್ತದೆ.

ಡಿಲೀಟ್ ಮಾಡಬಹುದಾ? ಯಾರಾದರೂ ನಿಜಕ್ಕೂ ಒಳಗಿದ್ದರೆ ವಿಂಡೋಸ್ ಡಿಲೀಟ್ ಮಾಡಲು ಬಿಡುವುದೇ ಇಲ್ಲ. ಬಿಟ್ಟಿತು ಅಂದರೆ ಅದು ಸುಮ್ನೆ ಉಳಿದುಹೋದ ಫೈಲ್, ಹೋದರೆ ನಷ್ಟವಿಲ್ಲ. ಹಾಗಾಗಿ ಡಿಲೀಟ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಭಯ ಇರುವುದು ಡಿಲೀಟ್ ಆಗದಿದ್ದಾಗ ಜನ ಮಾಡುವ ಮುಂದಿನ ಕೆಲಸದ ಬಗ್ಗೆ. ಗಾಡಿಗಳು ನಿಂತಿರುತ್ತವೆ, ರೈತರು ಪಟ್ಟಿ ಕೇಳುತ್ತಿರುತ್ತಾರೆ, ‘ಒಂದು ಕಾಪಿ ಮಾಡ್ಕೊಂಡು ಅದ್ರಾಗ ಬರೀರಿ’ ಅಂತ ಯಾರೋ ಅನ್ನುತ್ತಾರೆ. ಕಾಪಿ ಲಾಕ್ ಇಲ್ಲದೆ ತೆರೆಯುತ್ತದೆ, ಎಲ್ಲರಿಗೂ ಖುಷಿ. ಸಂಜೆ ಹೊತ್ತಿಗೆ ಅರ್ಧ ಪಟ್ಟಿ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ. ಎರಡರಲ್ಲೂ ಅದೇ ಪಟ್ಟಿ ನಂಬರ್, ಬೇರೆ ಬೇರೆ ರೈತರ ಹೆಸರು. ಅದನ್ನು ಕೂಡಿಸುವುದು ಲಾಕ್ ಬಿಡಿಸುವುದಕ್ಕಿಂತ ಎಷ್ಟೋ ಪಾಲು ಕಷ್ಟ. ಲಾಕ್ ಬಿಡುವ ತನಕ ಕಾಗದದ ಮೇಲೆ ಬರೆಯಿರಿ. ಸಾವ್ಕಾರ್ರು ಬೈದರೆ ಬೈಯಲಿ.

ಲಾಕ್ ಯಾಕೆ ಉಳಿಯುತ್ತದೆ ಅನ್ನುವುದಕ್ಕೆ ನಮ್ಮ ಕಡೆ ಜಾಸ್ತಿ ಸಿಗುವ ಕಾರಣ ಕರೆಂಟು. ಕಂಪ್ಯೂಟರ್‌ಗಳಿಗೆಲ್ಲ ಯುಪಿಎಸ್ ಇರುತ್ತದೆ, ಗೋಡೆಯ ಮೇಲೆ ಧೂಳು ಹಿಡಿದು ಕೂತ ನೆಟ್‌ವರ್ಕ್ ಸ್ವಿಚ್‌ಗೆ ಇರುವುದಿಲ್ಲ. ಕರೆಂಟು ಹೋದಾಗ ಎಲ್ಲರ ಸ್ಕ್ರೀನೂ ಬೆಳಗುತ್ತಿದೆ, ನಡುವಿನ ಸಂಪರ್ಕ ಮಾತ್ರ ಕಡಿದಿದೆ. ಸಂಪರ್ಕ ಕಡಿದ ಮಷೀನ್ ಇನ್ನೂ ಒಳಗಿದೆ ಅಂತಲೇ ಫೈಲ್ ಇಟ್ಟುಕೊಂಡ ಕಂಪ್ಯೂಟರ್ ಅಂದುಕೊಂಡಿರುತ್ತದೆ. ಇದರಿಂದ ಬರೀ ಲಾಕ್ ಅಲ್ಲ, ಫೈಲೇ ಕೆಡಬಹುದು. ಮೊದಲು ಸ್ವಿಚ್ಚಿನ ಪ್ಲಗ್ಗನ್ನು ಯುಪಿಎಸ್‌ಗೆ ಹಾಕಿಸಿ. ವೈಫೈ ಮೇಲೆ ಆಕ್ಸೆಸ್ ಓಡಿಸುತ್ತಿದ್ದರೆ ಕೇಬಲ್ ಎಳೆಸಿ. ಗೂಗಲ್ ಡ್ರೈವ್ ಫೋಲ್ಡರ್‌ನಲ್ಲಿ ಇಟ್ಟಿದ್ದರೆ ತೆಗೆಯಿರಿ.

ಇನ್ನೊಂದು, ಸಂಜೆ ಮಾನಿಟರ್ ಆಫ್ ಮಾಡಿ ಕಂಪ್ಯೂಟರ್ ಆಫ್ ಆಯ್ತು ಅಂದುಕೊಂಡು ಹೋಗುವವರು. ಬೆಳಿಗ್ಗೆ ಲಾಕ್ ಅಂದರೆ ಮೊದಲು ನಾನು ಮುಟ್ಟಿ ನೋಡುವುದು ಕಾಟಾ ರೂಮಿನ ಸಿಪಿಯು. ಬಿಸಿ ಇರುತ್ತದೆ! ಆಕ್ಸೆಸ್ ಮುಚ್ಚಿದ ಹಾಗೆ ಕಂಡರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಇನ್ನೂ ಓಡುತ್ತಿರಬಹುದು, ಅಲ್ಲಿಂದ ನಿಲ್ಲಿಸಿ. ಓಪನ್ ಫೈಲ್ಸ್‌ನಿಂದ ಬಲವಂತವಾಗಿ ಮುಚ್ಚುವುದು ಕಡೆಯ ದಾರಿ, ಯಾರೂ ಏನೂ ಬರೆಯುತ್ತಿಲ್ಲ ಅಂತ ಕೂಗಿ ಕೇಳಿದ ಮೇಲೆ ಮಾತ್ರ.

ಫೋಲ್ಡರ್ ಅನುಮತಿಯನ್ನೂ ನೋಡಿ. ಎಲ್ಲರಿಗೂ ಆ ಫೋಲ್ಡರ್‌ನಲ್ಲಿ ಓದಲು, ಬರೆಯಲು, ಹೊಸ ಫೈಲ್ ಮಾಡಲು, ಅಳಿಸಲು ಅನುಮತಿ ಬೇಕು. ಭದ್ರತೆಗೆ ಅಂತ ಅಳಿಸುವ ಅನುಮತಿ ಕಿತ್ತುಹಾಕಿದ್ದರೆ ಬೀಗದ ಫೈಲ್ ಅಲ್ಲೇ ಉಳಿಯುತ್ತದೆ. ಹಾಗೆಯೇ ಆಕ್ಸೆಸ್ ಆಪ್ಷನ್ಸ್‌ನ ಕ್ಲೈಂಟ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಓಪನ್ ಮೋಡ್ ‘ಶೇರ್ಡ್’ ಇರಬೇಕು. ಒಂದೇ ಕಂಪ್ಯೂಟರ್‌ನಲ್ಲಿ ‘ಎಕ್ಸ್‌ಕ್ಲೂಸಿವ್’ ಇದ್ದರೂ ಅವರು ಮೊದಲು ತೆರೆದ ದಿನ ಉಳಿದವರೆಲ್ಲ ಹೊರಗೆ.

ನಿಮಗೆ ಬಂದ ಮೆಸೇಜ್ ಜಾಸ್ತಿ ಕಾಣುವುದು ಯಾರೋ ಫಾರ್ಮನ್ನೋ ರಿಪೋರ್ಟನ್ನೋ ಡಿಸೈನ್‌ನಲ್ಲಿ ತೆರೆದು ಬದಲಾಯಿಸುತ್ತಿರುವಾಗ. ಇದಕ್ಕೆ ಸರಿಯಾದ ಮದ್ದು ಫೈಲನ್ನು ಎರಡು ಭಾಗ ಮಾಡುವುದು. ಡೇಟಾಬೇಸ್ ಟೂಲ್ಸ್‌ನಲ್ಲಿ ‘ಆಕ್ಸೆಸ್ ಡೇಟಾಬೇಸ್’ ಒತ್ತಿದರೆ ಅದೇ ಒಡೆದು ಕೊಡುತ್ತದೆ. ಟೇಬಲ್‌ಗಳ ಭಾಗ ಹಂಚಿಕೊಂಡ ಫೋಲ್ಡರ್‌ನಲ್ಲಿ, ಫಾರ್ಮು ರಿಪೋರ್ಟುಗಳ ಭಾಗ ಪ್ರತಿ ಕಂಪ್ಯೂಟರ್‌ನಲ್ಲೂ ಒಂದೊಂದು ಕಾಪಿ. ಆಮೇಲೆ ಕ್ಯಾಶಿಯರ್ ತಮ್ಮ ರಿಪೋರ್ಟ್ ಎಷ್ಟು ತಿದ್ದಿದರೂ ಪಟ್ಟಿ ಬರೆಯುವವರಿಗೆ ತೊಂದರೆ ಇಲ್ಲ. ಗಂಜ್‌ಗೆ ರಜೆ ಇದ್ದ ದಿನ, ಎಲ್ಲರೂ ಹೊರಗಿದ್ದಾಗ, ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಂಡು ಮಾಡಿ. ಮೆಸೇಜಿನಲ್ಲಿ ಪ್ರತಿ ಸಲ ಒಂದೇ ಮಷೀನ್ ಹೆಸರು ಬರುತ್ತದೋ, ಬದಲಾಗುತ್ತದೋ ತಿಳಿಸಿ. ಒಂದೇ ಆದರೆ ಆ ಕಂಪ್ಯೂಟರ್‌ನ ಸೆಟ್ಟಿಂಗ್ ಮೊದಲು ನೋಡಬೇಕು.