ಕಾರು ಬೆಲ್ ಏರ್ ಅಲ್ಲ, ಎಂಜಿನ್ ಸತ್ತೂ ಇಲ್ಲ

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು, ಈಗ ಡೆನ್ವರ್‌ನಲ್ಲಿದ್ದೇನೆ. ಚಿಕ್ಕಂದಿನಿಂದ ಹಳೇ ಅಮೆರಿಕನ್ ಕಾರುಗಳ ಹುಚ್ಚು. ಹೋದ ಬೇಸಿಗೆಯಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಒಂದು ಕಾರು ತಗೊಂಡೆ. ‘1957ರ ಶೆವರ್ಲೆ ಬೆಲ್ ಏರ್, ಒರಿಜಿನಲ್ 283 ವಿ8 ಎಂಜಿನ್, 220 ಎಚ್‌ಪಿ’ ಅಂತ ಹೇಳಿ ಮಾರಿದರು (283 ಅನ್ನುವುದು ಘನ ಇಂಚಿನಲ್ಲಿ ಎಂಜಿನ್ ಗಾತ್ರ, ವಿ8 ಅಂದರೆ ಎಂಟು ಸಿಲಿಂಡರಿನದು). ಅಲ್ಲಿ ಓಡಿಸಿದಾಗ ಚೆನ್ನಾಗೇ ಇತ್ತು. ಇಲ್ಲಿಗೆ ತಂದ ಮೇಲೆ ಪಿಕಪ್ಪೇ ಇಲ್ಲ. ಗ್ಯಾರೇಜಿನವರು ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಿದರೆ ಚಕ್ರದಲ್ಲಿ ಬಂದಿದ್ದು 98 ಎಚ್‌ಪಿ. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಎಷ್ಟು ಪಿಎಸ್‌ಐ ಅಂತ ನೋಡಿದರು. ‘ಏಳು ಸಿಲಿಂಡರ್ 120ರಿಂದ 126ರ ಒಳಗೆ ಇವೆ, 150 ಇರಬೇಕಿತ್ತು. ಏಳನೇ ನಂಬರಿನದು ಬರೀ 95. ಎಂಜಿನ್ ಮುಗೀತು, ಬಿಚ್ಚಬೇಕು’ ಅಂದರು. ವಯಸ್ಸಾದರೆ ಎಂಜಿನ್ ಶಕ್ತಿ ಇಷ್ಟೊಂದು ಕಳಕೊಳ್ಳುತ್ತಾ? ಫೋಟೋ, ಡೈನೋ ಚೀಟಿ ಎಲ್ಲ ಕಳಿಸಿದ್ದೇನೆ. ಕಾರು ನಿಜವಾಗಿ ಯಾವುದು ಅಂತಲೂ ನೋಡಿ ಹೇಳಿ.

ಉತ್ತರ: ಮೊದಲಿಗೆ, ಎಂಜಿನ್ ಬಿಚ್ಚಿಸಬೇಡಿ. ಗ್ಯಾರೇಜಿನವರಿಗೆ ಒಂದು ವಾರ ತಡೀರಿ ಅನ್ನಿ. ನಿಮ್ಮ ಫೋಟೋಗಳನ್ನು ಎರಡು ರಾತ್ರಿ ಕೂತು ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಒಂದು ಬೇಜಾರಿನ ಸುದ್ದಿ ಇದೆ, ಒಂದು ಒಳ್ಳೇ ಸುದ್ದಿ ಇದೆ.

ವರ್ಷದ ಬಗ್ಗೆ ಅನುಮಾನ ಬೇಡ, 1957ರದೇ. ಆ ಕಾಲದ ಮೂರು ವರ್ಷದ ಶೆವರ್ಲೆಗಳು ನೋಡೋಕೆ ಅಣ್ಣತಮ್ಮಂದಿರ ಹಾಗಿದ್ದರೂ ಗುರುತು ಹಿಡಿಯುವುದು ಸುಲಭ. 1955ರದಕ್ಕೆ ಮುಂದೆ ಚಿಕ್ಕ ಚೌಕುಳಿ ಜಾಲರಿ. 1956ರದಕ್ಕೆ ಜಾಲರಿ ಈ ದೀಪದಿಂದ ಆ ದೀಪದವರೆಗೂ ಅಗಲ, ಪೆಟ್ರೋಲ್ ಹಾಕಬೇಕಾದರೆ ಎಡಗಡೆಯ ಹಿಂದಿನ ದೀಪವನ್ನೇ ಬಾಗಿಲಿನ ಥರ ತೆಗೆಯಬೇಕು. 1957ರದಕ್ಕೆ ಹಿಂದೆ ಚೂಪಾದ ರೆಕ್ಕೆ, ಬಾನೆಟ್ ಮೇಲೆ ರಾಕೆಟ್ ಆಕಾರದ ಎರಡು ಅಲಂಕಾರ, ಪೆಟ್ರೋಲ್ ಮುಚ್ಚಳ ಎಡ ರೆಕ್ಕೆಯ ಹಿಂಭಾಗದ ಕ್ರೋಮ್ ಪಟ್ಟಿಯ ಮರೆಯಲ್ಲಿ. ನಿಮ್ಮ ಕಾರಿನಲ್ಲಿ ಇವೆಲ್ಲ ಇವೆ.

ಆದರೆ ಅದು ಬೆಲ್ ಏರ್ ಅಲ್ಲ. ಟೂ-ಟೆನ್. ಆ ವರ್ಷ ಒಂದೇ ಬಾಡಿಯನ್ನು ಮೂರು ದರ್ಜೆಯಲ್ಲಿ ಮಾರುತ್ತಿದ್ದರು. ಒನ್-ಫಿಫ್ಟಿ ಕಡಿಮೆ ಬೆಲೆಯದು, ಟೂ-ಟೆನ್ ನಡುವಿನದು, ಬೆಲ್ ಏರ್ ಮೇಲಿನದು. ಬೆಲ್ ಏರ್‌ಗೆ ಹಿಂದಿನ ಪಕ್ಕದಲ್ಲಿ ಗೀರುಗೀರಾದ ಅಲ್ಯೂಮಿನಿಯಂ ತಗಡು, ಮುಂದೆ ಬಂಗಾರದ ಬಣ್ಣದ ಜಾಲರಿ. ಟೂ-ಟೆನ್‌ಗೆ ಅದೇ ಪಟ್ಟಿಗಳ ನಡುವೆ ತಗಡಿನ ಬದಲು ಬರೀ ಪೇಂಟ್. ನಿಮ್ಮದರಲ್ಲಿ ತಗಡೂ ಇದೆ, ಬಂಗಾರದ ಜಾಲರಿಯೂ ಇದೆ, ನಿಜ. ಆದರೆ ಇವೆಲ್ಲ ಇವತ್ತು ಹೊಸದಾಗಿ ಮಾಡಿ ಮಾರುವ ಸಾಮಾನು. ದುಡ್ಡು ಕೊಟ್ಟರೆ ಯಾವ ಟೂ-ಟೆನ್‌ಗೆ ಬೇಕಾದರೂ ಹಚ್ಚಬಹುದು. ಹಚ್ಚೋಕೆ ಆಗದೇ ಇರುವುದು ಡ್ರೈವರ್ ಬಾಗಿಲು ತೆಗೆದರೆ ಹಿಂಜ್ ಕಡೆಯ ಕಂಬದ ಮೇಲೆ ಕಾಣುವ ಆ ಚಿಕ್ಕ ನಂಬರ್ ಪಟ್ಟಿ. ನಿಮ್ಮದು ‘ವಿ ಬಿ 57 ಕೆ’ ಅಂತ ಶುರುವಾಗುತ್ತದೆ. ವಿ ಅಂದರೆ ಕಾರ್ಖಾನೆಯಿಂದಲೇ ವಿ8 ಎಂಜಿನ್ ಇತ್ತು ಅಂತ. ಬಿ ಅಂದರೆ ಟೂ-ಟೆನ್, ಬೆಲ್ ಏರ್ ಆಗಿದ್ದರೆ ಅಲ್ಲಿ ಸಿ ಇರಬೇಕಿತ್ತು. 57 ವರ್ಷ. ಕೆ ಅಂದರೆ ಕ್ಯಾನ್ಸಸ್ ಸಿಟಿ. ಅಂದರೆ ಕಾರು ಹುಟ್ಟಿದ ಊರಿನಲ್ಲೇ ನಿಮ್ಮ ಕೈಗೆ ಬಂದಿದೆ, ನನಗಂತೂ ಇದು ಓದಿ ಖುಷಿ ಆಯ್ತು.

ಇನ್ನು ಎಂಜಿನ್. ನೀವು ಬ್ಲಾಕ್‌ನ ಹಿಂಭಾಗ, ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲಿನ ಎರಕದ ನಂಬರ್ ಫೋಟೋ ತೆಗೆದಿದ್ದೀರಲ್ಲ, ಬಹಳ ಒಳ್ಳೇ ಕೆಲಸ ಮಾಡಿದಿರಿ. ಗ್ರೀಸ್ ಒರೆಸಿದ ಜಾಗದಲ್ಲಿ 3970010 ಅಂತ ಸ್ಪಷ್ಟವಾಗಿ ಕಾಣುತ್ತದೆ. ಈ ನಂಬರ್ ಶೆವರ್ಲೆ ಎಂಜಿನ್ ಮುಟ್ಟಿದವರಿಗೆಲ್ಲ ಬಾಯಿಪಾಠ. ಇದು 283 ಅಲ್ಲ, 350 ಎಂಜಿನ್, 1969ರಿಂದ 1980ರವರೆಗೆ ಬಂದದ್ದು. ಅದೇ ಅಂಚಿನ ಇನ್ನೊಂದು ಬದಿಯಲ್ಲಿ ‘ಸಿ 12 5’ ಅಂತಿದೆ. ಸಿ ಅಂದರೆ ಮೂರನೇ ತಿಂಗಳು, 12 ತಾರೀಖು, 5 ಅನ್ನುವುದು ವರ್ಷದ ಕೊನೆಯ ಅಂಕಿ. ಈ ಬ್ಲಾಕ್ ಬಂದ ವರ್ಷಗಳಲ್ಲಿ 5ರಲ್ಲಿ ಕೊನೆಯಾಗುವುದು ಒಂದೇ, 1975. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ದೊಡ್ಡ ಟೋಪಿ ನೋಡಿದರೂ ಅದೇ ಕಾಲದ್ದು ಅಂತ ಗೊತ್ತಾಗುತ್ತದೆ, 1957ರಲ್ಲಿ ಕಿಡಿಗೆ ಪಾಯಿಂಟ್ಸ್ ಅನ್ನುವ ಯಾಂತ್ರಿಕ ಸ್ವಿಚ್ ಇದ್ದವು, ಇಂಥ ಎಲೆಕ್ಟ್ರಾನಿಕ್ ಇಗ್ನಿಷನ್ ಎಲ್ಲಿತ್ತು? ಅಷ್ಟೇ ಅಲ್ಲ, 220 ಎಚ್‌ಪಿಯ 283ಕ್ಕೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ನಾಲ್ಕು ಬಾಯಿಯದು ಇರುತ್ತಿತ್ತು. ನಿಮ್ಮದಕ್ಕೆ ಎರಡೇ ಬಾಯಿ.

ಈಗ ಲೆಕ್ಕ ನೋಡಿ. 1975ರಲ್ಲಿ ಎರಡು ಬಾಯಿಯ 350 ಹೊಸದಾಗಿ ಕಾರ್ಖಾನೆಯಿಂದ ಬಂದಾಗಲೇ ಅದರ ಶಕ್ತಿ 145 ಎಚ್‌ಪಿ. ಇದೇ ಎಂಜಿನ್‌ಗೆ 1970ರಲ್ಲಿ 250 ಅಂತ ಬರೆಯುತ್ತಿದ್ದರು. ಐದು ವರ್ಷದಲ್ಲಿ ನೂರು ಕುದುರೆ ಎಲ್ಲಿ ಹೋದವು? ಸ್ವಲ್ಪ ನಿಜವಾಗಿಯೂ ಹೋದವು. ಸೀಸವಿಲ್ಲದ ಪೆಟ್ರೋಲಿಗಾಗಿ 1971ರಲ್ಲಿ ಕಂಪ್ರೆಷನ್ ಅನುಪಾತ ಇಳಿಸಿದರು, 1975ರಲ್ಲಿ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಆದರೆ ದೊಡ್ಡ ಪಾಲು ಅಳತೆಯ ವ್ಯತ್ಯಾಸ. 1971ರವರೆಗೆ ಎಂಜಿನ್ ಅನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಏರ್ ಫಿಲ್ಟರ್ ಇಲ್ಲ, ಫ್ಯಾನ್ ಇಲ್ಲ, ಆಲ್ಟರ್ನೇಟರ್ ಭಾರ ಇಲ್ಲ, ಸೈಲೆನ್ಸರೂ ಇಲ್ಲ, ಹಾಗೆ ಅಳೆದು ಬಂದ ‘ಗ್ರಾಸ್’ ಅಂಕಿಯನ್ನೇ ಜಾಹೀರಾತಿನಲ್ಲಿ ಹಾಕುತ್ತಿದ್ದರು. 1972ರಿಂದ ಕಾರಿನಲ್ಲಿ ಇರುವ ಹಾಗೇ ಎಲ್ಲ ಜೋಡಿಸಿ ಅಳೆದ ‘ನೆಟ್’ ಅಂಕಿ. ಶೆವರ್ಲೆಯ ಸ್ಪೋರ್ಟ್ಸ್ ಕಾರು ಕೊರ್ವೆಟ್‌ನ ಸಾದಾ 350 ಎಂಜಿನ್ 1970ರಲ್ಲಿ 300, 1971ರಲ್ಲಿ 270, 1972ರಲ್ಲಿ 200 ಅಂತ ಆಗಿದ್ದು ಹೀಗೆ. ಹಳೇ ಕಾರಿನವರು ಪುಸ್ತಕದ ಗ್ರಾಸ್ ಅಂಕಿಯನ್ನು ಡೈನೋ ಚೀಟಿಯ ಪಕ್ಕ ಇಟ್ಟು ಕೊರಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವೆರಡೂ ಒಂದೇ ತಕ್ಕಡಿಯವಲ್ಲ.

ಇಲ್ಲಿಗೆ 145. ಈಗ ಡೆನ್ವರ್. ನಿಮ್ಮ ಊರು 1,600 ಮೀಟರ್ ಎತ್ತರದಲ್ಲಿದೆ, ಕ್ಯಾನ್ಸಸ್ ಸಿಟಿ ಸುಮಾರು 300. ಪ್ರತಿ 300 ಮೀಟರ್ ಏರಿದರೆ ಟರ್ಬೊ ಇಲ್ಲದ ಎಂಜಿನ್ ಹತ್ತಿರ ಹತ್ತಿರ ಶೇ 3ರಷ್ಟು ಶಕ್ತಿ ಕಳಕೊಳ್ಳುತ್ತದೆ, ಯಾಕೆಂದರೆ ಉಸಿರಿಗೆ ಸಿಗುವ ಗಾಳಿಯೇ ತೆಳು. ಹಳೇ ಅಂಬಾಸಿಡರ್‌ನಲ್ಲಿ ಊಟಿ ಹತ್ತಿದವರಿಗೆ ಇದು ಗೊತ್ತಿರುತ್ತದೆ ಅಲ್ವಾ? ಸಮುದ್ರ ಮಟ್ಟದಿಂದ ಲೆಕ್ಕ ಹಿಡಿದು 145ರಲ್ಲಿ ಶೇ 16 ಕಳೆದರೆ ಸುಮಾರು 122. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ಇನ್ನೂ ಶೇ 15ರಿಂದ 20 ಹೋಗುತ್ತದೆ. ಉಳಿಯುವುದು ನೂರರ ಆಸುಪಾಸು. ನಿಮ್ಮ ಚೀಟಿಯಲ್ಲಿ ಎತ್ತರದ ತಿದ್ದುಪಡಿ ಹಾಕಿಲ್ಲ ಅಂತ ಕೆಳಗೆ ಬರೆದಿದೆ, ಅಂಕಿ 98. ಐವತ್ತು ವರ್ಷದ ಎಂಜಿನ್ ಹೆಚ್ಚುಕಡಿಮೆ ತನ್ನದೆಲ್ಲವನ್ನೂ ಕೊಡುತ್ತಿದೆ!

ಕಂಪ್ರೆಷನ್‌ಗೂ ಇದೇ ಮಾತು. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ, ನಿಮ್ಮಲ್ಲಿ ಸುಮಾರು 12.2. ಕೆಳಗೆ 150 ತೋರಿಸುವ ಎಂಜಿನ್ ಡೆನ್ವರ್‌ನಲ್ಲಿ 125 ತೋರಿಸಲೇಬೇಕು. ಏಳು ಸಿಲಿಂಡರ್ ಅಷ್ಟೇ ತೋರಿಸಿವೆ.

ಹಾಗಂತ ಎಂಜಿನ್ ಸವೆಯುವುದೇ ಇಲ್ಲ ಅಂತಲ್ಲ. ಕಬ್ಬಿಣಕ್ಕೆ ವರ್ಷದ ಲೆಕ್ಕ ಇಲ್ಲ, ಉಜ್ಜಾಟದ ಲೆಕ್ಕ ಇದೆ. ಪಿಸ್ಟನ್ನಿನ ರಿಂಗು, ಸಿಲಿಂಡರಿನ ಒಳಗೋಡೆ (ಬೋರು) ಸವೆದರೆ ಒತ್ತಡ ಕೆಳಗೆ ಸೋರುತ್ತದೆ, ವಾಲ್ವ್ ಸೀಟು ಸುಟ್ಟರೆ ಮೇಲೆ ಸೋರುತ್ತದೆ. ವಾಲ್ವ್ ಎತ್ತುವ ಕ್ಯಾಮ್‌ನ ಉಬ್ಬು ಸವೆದರೆ ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಟೈಮಿಂಗ್ ಚೈನ್ ಜಗ್ಗಿದರೆ ವಾಲ್ವ್‌ಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ. ನಿಮ್ಮ ಏಳನೇ ಸಿಲಿಂಡರ್ ನೋಡಲೇಬೇಕು, ಅತಿ ಕಡಿಮೆ ಅಂಕಿ ಅತಿ ಹೆಚ್ಚಿನದರ ಮುಕ್ಕಾಲಿಗಿಂತ ಕೆಳಗೆ ಹೋಗಬಾರದು, ನಿಮ್ಮದು ಆ ಗೆರೆಯ ಮೇಲೇ ನಿಂತಿದೆ.

ಏಳನೇದು ಡ್ರೈವರ್ ಬದಿಯಲ್ಲಿ ಕಟ್ಟಕಡೆಯದು, ಕೈ ತೂರಿಸುವುದು ಕಷ್ಟ. ಎಂಜಿನ್ ಬಿಸಿಯಾಗಿದ್ದಾಗ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ಪೂರ್ತಿ ತೆರೆದಿಟ್ಟು ಇನ್ನೊಮ್ಮೆ ಅಳೆಯಿರಿ. ಆಮೇಲೆ ಪ್ಲಗ್ ತೂತಿನಲ್ಲಿ ಒಂದು ದೊಡ್ಡ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಸರಕ್ಕನೆ ಏರಿದರೆ ರಿಂಗು. ಅಲ್ಲೇ ನಿಂತರೆ ವಾಲ್ವ್. ವಾಲ್ವ್ ಆಗಿದ್ದರೆ ಹೆಡ್ (ವಾಲ್ವ್‌ಗಳಿರುವ ಮೇಲಿನ ಭಾಗ) ಒಂದನ್ನು ತೆಗೆದರೆ ಸಾಕು, ಇಡೀ ಎಂಜಿನ್ ಇಳಿಸುವ ಕೆಲಸವೇ ಇಲ್ಲ.

ಅಷ್ಟರಲ್ಲಿ ಇನ್ನೆರಡು ಕೆಲಸ ಮಾಡಿ. ಎಂಜಿನ್ ನಿಲ್ಲಿಸಿ, ಮನೆಯವರು ಯಾರಾದರೂ ಪೆಡಲ್ ಪೂರ್ತಿ ಒತ್ತಲಿ, ನೀವು ಕಾರ್ಬುರೇಟರ್ ಬಾಯೊಳಗೆ ನೋಡಿ. ಒಳಗಿನ ಬಿಲ್ಲೆಗಳು ನೆಟ್ಟಗೆ ನಿಲ್ಲಬೇಕು. ನನ್ನ ಹತ್ತಿರ ಬಂದಿದ್ದ ಒಂದು 1966ರ ಮಸ್ಟಾಂಗ್‌ನಲ್ಲಿ ಹೊಸದಾಗಿ ಹಾಕಿಸಿದ ದಪ್ಪ ಕಾರ್ಪೆಟ್ ಪೆಡಲ್ ಕೆಳಗೆ ಸಿಕ್ಕಿ ಥ್ರಾಟಲ್ ಮುಕ್ಕಾಲೇ ತೆರೆಯುತ್ತಿತ್ತು, ಪಾಪ ಅವರು ಎಂಜಿನ್ ಬದಲಿಸೋಕೆ ದುಡ್ಡು ಕೂಡಿಡುತ್ತಿದ್ದರು. ಎರಡನೇದು, ನಿಮ್ಮ ಪ್ಲಗ್‌ಗಳ ಫೋಟೋದಲ್ಲಿ ಒಣ ಕರಿ ಮಸಿ ಇದೆ. ತೆಳು ಗಾಳಿಗೆ ಪೆಟ್ರೋಲ್ ಜಾಸ್ತಿ ಆಗಿದೆ. ಕಾರ್ಬುರೇಟರ್‌ಗೆ ಒಂದೆರಡು ಸೈಜು ಚಿಕ್ಕ ಜೆಟ್ (ಪೆಟ್ರೋಲ್ ಬರುವ ತೂತಿನ ಬಿಡಿಭಾಗ) ಹಾಕಿಸಿ, ಕಿಡಿಯ ಟೈಮಿಂಗ್ ಎರಡು ಮೂರು ಡಿಗ್ರಿ ಮುಂದೆ ಕೊಡಿಸಿ, ನಾಕಿಂಗ್ ಸದ್ದು ಬರುತ್ತಾ ಅಂತ ಕಿವಿಗೊಡಿ. ಪಿಕಪ್ ಅಲ್ಲೇ ಒಂದಿಷ್ಟು ವಾಪಸ್ ಬರುತ್ತದೆ. ಹಳೇ ಜೆಟ್ ಎಸೆಯಬೇಡಿ, ಕಾರನ್ನು ಕೆಳಗಿನ ಊರಿಗೆ ಒಯ್ದರೆ ಅದನ್ನೇ ಮತ್ತೆ ಹಾಕಬೇಕು, ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಸುಡುತ್ತದೆ.

ಮಾರಿದವರ ವಿಷಯ: ಟೂ-ಟೆನ್ ಒಳ್ಳೇ ಕಾರು, ನನಗೆ ತುಂಬಾ ಇಷ್ಟ. ಆದರೆ ಬೆಲ್ ಏರ್ ಅಂತ ಹೇಳಿ ದುಡ್ಡು ತಗೊಂಡಿದ್ದು ತಪ್ಪು. ನಂಬರ್ ಪಟ್ಟಿ ಮತ್ತು ಎರಕದ ನಂಬರಿನ ಫೋಟೋ, ಅವರ ಜಾಹೀರಾತು ಮೂರನ್ನೂ ಜೋಡಿಸಿ ಕಳಿಸಿ, ಬೆಲೆಯ ವ್ಯತ್ಯಾಸ ಕೇಳಿ. ಸುಮ್ನೆ ಬಿಡಬೇಡಿ. ಏಳನೇ ಸಿಲಿಂಡರ್‌ಗೆ ಆಯಿಲ್ ಹಾಕಿದ ಮೇಲೆ ಎಷ್ಟು ಬಂತು ಅಂತ ನನಗೆ ಬರೆಯಿರಿ, ಹೆಡ್ ತೆಗೆಯಬೇಕಾ ಬೇಡವಾ ಅನ್ನುವುದನ್ನು ಆಗ ನೋಡೋಣ.